ಎಷ್ಟು ಮಾರುತ್ತೀರಿ ಎನ್ನುವುದಕ್ಕಿಂತ ಮೊದಲು, ಎಷ್ಟು ದಿನ ಕೆಡದೆ ಇರುತ್ತದೆ?

ಮನೆಯಲ್ಲೇ ಏನಾದರೂ ಮಾಡಿ ಮಾರೋಣ ಎಂದು ಹೊರಟ ಕನ್ನಡಿಗರಲ್ಲಿ ಬಹಳ ಜನರ ಮನಸ್ಸು ಹೋಗುವುದು ಅಡುಗೆಮನೆಯ ಕಡೆಗೇ. ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ, ಹೋಳಿಗೆ, ಊಟದ ಡಬ್ಬಿ. ಕೈರುಚಿಗೆ ಬರವಿಲ್ಲ. ಎಡವುವುದು ಇವುಗಳಲ್ಲಿ ತಮಗೆ ಯಾವುದು ಹೊಂದುತ್ತದೆ ಎಂಬ ಆಯ್ಕೆಯಲ್ಲಿ. ನಾನಿರುವ ಕ್ಯಾಲಿಫೋರ್ನಿಯಾದ ನಿಯಮವನ್ನೂ ನಮ್ಮ ನಾಡಿನ ನಿಯಮವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಆ ಆಯ್ಕೆ ಎಲ್ಲಿಂದ ಶುರುವಾಗಬೇಕು ಎಂಬುದು ಗೊತ್ತಾಗುತ್ತದೆ.

ನಮ್ಮಲ್ಲಿ ಮೊದಲ ಪ್ರಶ್ನೆ ವಹಿವಾಟಿನದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನವರನ್ನು ಸಣ್ಣ ತಯಾರಕರೆಂದು ಗುರುತಿಸಿ, ವರ್ಷಕ್ಕೆ 100 ರೂಪಾಯಿ ಶುಲ್ಕದ ನೋಂದಣಿ ಸಾಕು ಎಂದವು. ಕೈಗೆ ಬರುವುದು 14 ಅಂಕಿಯ ಸಂಖ್ಯೆ. ನೀವು ಮಾಡುವುದು ಹಪ್ಪಳವೋ ಪನೀರ್ ಪಲ್ಯವೋ, ಬಾಗಿಲು ಒಂದೇ.

ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಜಾರಿಯಲ್ಲಿರುವ ಮನೆ ಆಹಾರ ಕಾನೂನು ಮೊದಲು ಕೇಳುವುದೇ ಬೇರೆ: ಈ ತಿನಿಸು ಫ್ರಿಜ್ ಇಲ್ಲದೆ ಉಳಿಯುತ್ತದೆಯೇ? ಒಪ್ಪಿಗೆಯ ಪಟ್ಟಿಯಲ್ಲಿ ಬ್ರೆಡ್, ಬಿಸ್ಕತ್ತು, ಜ್ಯಾಮ್, ಒಣ ಮಸಾಲೆ ಪುಡಿ, ಹುರಿದ ಬೀಜಗಳಿವೆ. ಕೆನೆ, ಕಸ್ಟರ್ಡ್, ಮಾಂಸದ ಹೂರಣ ತುಂಬಿದ್ದು ಇಲ್ಲ. ಉಪ್ಪಿನಕಾಯಿಯೂ ಇಲ್ಲ. ನೇರವಾಗಿ ಗ್ರಾಹಕರಿಗಷ್ಟೇ ಮಾರುವವರು ಸ್ವಯಂ ಘೋಷಣೆಯ ಪಟ್ಟಿ ತುಂಬಿ ನೋಂದಾಯಿಸಿಕೊಳ್ಳಬೇಕು. ಅಂಗಡಿಗೂ ಕೊಡುವವರ ಅಡುಗೆಮನೆಗೆ ತಪಾಸಣೆ ಬರುತ್ತದೆ. ಬಿಸಿ ಊಟಕ್ಕೆ ಪ್ರತ್ಯೇಕ ಕಾನೂನೇ ಇದೆ. ಅದನ್ನು ಒಪ್ಪಿಕೊಂಡ ಕೌಂಟಿಗಳಲ್ಲಿ, ಅಂದರೆ ಇಲ್ಲಿನ ಜಿಲ್ಲೆಗಳಲ್ಲಿ, ಮಾತ್ರ ಮಾರಬಹುದು, ದಿನಕ್ಕೆ 30 ಊಟ, ವಾರಕ್ಕೆ 90, ಮಾಡಿದ ದಿನವೇ ಕೊಟ್ಟು ಮುಗಿಸಬೇಕು.

ಇಲ್ಲಿನ ಬಿಗಿಯನ್ನು ಹಾಗೇ ಊರಿಗೆ ಹೊತ್ತೊಯ್ಯಬೇಕು ಎಂದು ನಾನು ಹೇಳುವುದಿಲ್ಲ. ನಮ್ಮ ಬಾಗಿಲು ಅಗಲವಾಗಿರುವುದು ಒಳ್ಳೆಯದೇ. ಆದರೆ ಇಲ್ಲಿ ಕೇಳುವ ಪ್ರಶ್ನೆಯನ್ನು ಧಾರವಾಡದಲ್ಲಿ ಕೂತವರೂ ತಮಗೆ ತಾವೇ ಕೇಳಿಕೊಳ್ಳಬೇಕು. ನೋಡಿದರೆ ನಮ್ಮ ಅಜ್ಜಿಯರು ಅದನ್ನು ಕೇಳಿಕೊಂಡೇ ಅಡುಗೆ ಮಾಡುತ್ತಿದ್ದರು. ಬಡಿದು ಸುಟ್ಟು ಒಣಗಿಸಿದ ಖಡಕ್ ರೊಟ್ಟಿ, ಬೇಸಿಗೆಯ ಬಿಸಿಲಿಗೆ ಹರವಿದ ಸಂಡಿಗೆ, ಉಪ್ಪು ಹುಳಿ ಬಿದ್ದ ಮಿಡಿಮಾವು. ಆಹಾರದಲ್ಲಿ ಸೂಕ್ಷ್ಮಾಣುಗಳಿಗೆ ದಕ್ಕುವ ನೀರಿನ ಅಳತೆ (ಬರೀ ನೀರಿಗೆ ಇದು 1) 0.85ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಅಪಾಯಕಾರಿ ಬ್ಯಾಕ್ಟೀರಿಯಾಗಳು ಬೆಳೆಯಲಾರವು, ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ 4.6ಕ್ಕಿಂತ ಕೆಳಗಿದ್ದರೆ ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಲಾರದು ಎಂಬ ಇಂದಿನ ಲೆಕ್ಕದ ಹಿಂದಿರುವುದೂ ಅದೇ ತಿಳಿವಳಿಕೆ.

ಕೆಡದೆ ಉಳಿಯುವ ದಿನಗಳೇ ನಿಮ್ಮ ದಿನಚರಿಯನ್ನೂ ನಿರ್ಧರಿಸುತ್ತವೆ. ಊಟದ ಡಬ್ಬಿಯನ್ನು ಬಿಸಿ 60 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯದಂತೆ ಮನೆ ಬಾಗಿಲಿಗೆ ತಲುಪಿಸಬೇಕು; ಒಂದು ದಿನ ಜ್ವರ ಬಂದರೂ ಗ್ರಾಹಕರು ಉಪವಾಸ. ಬೆಳಗಿನ ಹೊತ್ತು ಪೂರ್ತಿ ಬಿಡುವಿದ್ದು, ಮನೆಯಲ್ಲಿ ಇನ್ನೊಂದು ಜೊತೆಕೈ ಇರುವವರಿಗೆ ಅದು ಸರಿ. ಪುಟ್ಟ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು ಇದ್ದು, ಬಿಡುವು ಚೂರುಚೂರಾಗಿ ಸಿಗುವ ಮನೆಗೆ ಪುಡಿಗಳೇ ಹೊಂದುತ್ತವೆ. ಇಂದು ಹುರಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ನಾಳೆ ಬೀಸಬಹುದು. ಹೋಳಿಗೆ ಹಬ್ಬದ ಮುಂಗಡ ಆರ್ಡರಿಗೆ ಮಾತ್ರ. ಹೂರಣದಲ್ಲಿ ನೀರಿನಂಶ ಹೆಚ್ಚು, ದಾಸ್ತಾನು ಇಡುವ ಮಾತೇ ಬೇಡ.

ಪುಡಿ ಸುಲಭ ಎಂದುಕೊಳ್ಳಬೇಡಿ. ಶೇಂಗಾ ಚಟ್ನಿಪುಡಿ ಕೆಡುವ ದಾರಿಗಳು ಹಲವು. ಬೆಳ್ಳುಳ್ಳಿ ಅರೆ ಒಣಗಿದ್ದರೆ, ಹುಣಸೆ ಗರಿಗರಿಯಾಗದಿದ್ದರೆ ತೇವ ಒಳಗೇ ಉಳಿದು ಗಂಟು ಕಟ್ಟುತ್ತದೆ. ಬೀಸಿದ ಬಿಸಿಯಲ್ಲೇ ತುಂಬಿದರೆ ಚೀಲದೊಳಗೆ ಹಬೆ ನೀರಾಗಿ ಇಳಿದು ಬೂಸ್ಟು ಬರುತ್ತದೆ. ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ. ಮಿಕ್ಸಿಯನ್ನು ಎಡೆಬಿಡದೆ ಓಡಿಸಿದರೆ ಶೇಂಗಾ, ಕೊಬ್ಬರಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತವೆ, ಪರಿಮಳವೂ ಹಾರುತ್ತದೆ. ಸುಕ್ಕಿದ, ಬೂಸ್ಟು ಹಿಡಿದ ಶೇಂಗಾ ಬೀಜವನ್ನು ಆರಿಸಿ ಎಸೆಯಲೇಬೇಕು, ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ. ಇಷ್ಟೆಲ್ಲ ಸರಿ ಮಾಡಿಯೂ ಚೀಲದ ಅಂಚಿನಲ್ಲಿ ಪುಡಿಯ ಧೂಳು ಕೂತಿದ್ದರೆ ಬಿಸಿ ಸೀಲು ಕೂಡುವುದಿಲ್ಲ, ಅಲ್ಲಿಂದ ಗಾಳಿ ನುಗ್ಗಿ ಎಣ್ಣೆ ಕಮಟುತ್ತದೆ. ಆಲಿಕೆ ಇಟ್ಟು ತುಂಬಿ, ಅಂಚನ್ನು ಒಣಬಟ್ಟೆಯಿಂದ ಒರೆಸಿ ಸೀಲು ಮಾಡಿ.

ಮಾರಲು ಶುರು ಮಾಡುವ ಮುಂಚೆ ಒಂದು ಪರೀಕ್ಷೆ. ಬೇರೆ ಬೇರೆ ದಿನ ಮೂರು ಸಲ ಮಾಡಿ, ಮಾರುವ ಚೀಲದಲ್ಲೇ ತುಂಬಿ, ತಾರೀಖು ಬರೆದು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ವಾರಕ್ಕೊಂದು ಒಡೆದು ಮೂಸಿ, ಮುಟ್ಟಿ, ರುಚಿ ನೋಡಿ, ಬರೆದಿಡಿ. ಮೂರರಲ್ಲಿ ಯಾವುದು ಎಲ್ಲಕ್ಕಿಂತ ಬೇಗ ಕೆಟ್ಟಿತೋ ಅದರ ಅರ್ಧದಷ್ಟು ದಿನವನ್ನೇ ಬಾಳಿಕೆ ಎಂದು ಹಿಡಿಯಿರಿ. ಮಳೆಗಾಲದಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಉಪ್ಪಿನಕಾಯಿಗೆ ಮಾತ್ರ ಮೂಗನ್ನು ನಂಬಬೇಡಿ, ಪಿಎಚ್ ಅಳೆಸಿ.

ಬೆಲೆ ಕಟ್ಟಲು ಒಂದು ಕಿಲೋ ಮಾಡಿ ನೋಡಿದರೆ ಸಾಲದು, ಮನೆಗೆಲಸದ ನಡುವೆ ಆ ಹೊತ್ತು ಕಾಣುವುದೇ ಇಲ್ಲ. ಹತ್ತು ಕಿಲೋ ಮಾಡಿ. ಆರಿಸುವುದರಿಂದ ಪಾತ್ರೆ ತೊಳೆಯುವವರೆಗೆ ಗಂಟೆ ಎಣಿಸಿ, ಅದಕ್ಕೆ ಕೂಲಿ ಹಾಕಿ. ಹುರಿದಾಗ ಇಳಿದ ತೂಕ, ಒಡೆದ ಚೀಲ, ಕೊರಿಯರ್ ಎಲ್ಲ ಸೇರಿಸಿ. ಗ್ಯಾಸ್ ವಿಷಯದಲ್ಲಿ ಊರಿನವರು ಎಚ್ಚರದಿಂದಿರಬೇಕು: 14.2 ಕಿಲೋದ ಮನೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರಿನ ದರದಲ್ಲೇ ಲೆಕ್ಕ ಹಾಕಿ. ಇನ್ನೊಂದು ಮುಳ್ಳು ಜಿಎಸ್‌ಟಿ. ರಾಜ್ಯದೊಳಗೆ ಸರಕು ಮಾರುವವರಿಗೆ 40 ಲಕ್ಷದವರೆಗೆ ನೋಂದಣಿ ಬೇಡ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಮೊದಲ ಪೊಟ್ಟಣಕ್ಕೇ ಬೇಕು. ಹಪ್ಪಳಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಹಪ್ಪಳ ಮಾತ್ರ ಮಾರುವವರಿಗೆ ಈ ತೊಡಕಿಲ್ಲ. ಹೊರನಾಡ ಕನ್ನಡಿಗರಿಗೆ ಕಳಿಸುವ ಆಸೆಯಿಂದ ಶುರು ಮಾಡುವವರು ಇದನ್ನು ಮೊದಲೇ ತಿಳಿದಿರಲಿ.

ಕ್ಯಾಲಿಫೋರ್ನಿಯಾದ ಲೇಬಲ್ ಮೇಲೆ 12 ಪಾಯಿಂಟ್ ಅಕ್ಷರದಲ್ಲಿ, ಮನೆಯ ಅಡುಗೆಮನೆಯಲ್ಲಿ ಮಾಡಿದ್ದು ಎಂದು ಅಚ್ಚಾಗಿರಲೇಬೇಕು. ಕೊಳ್ಳುವವರಿಗೆ ಎಚ್ಚರಿಕೆಯೆಂದು ಇಟ್ಟ ನಿಯಮ ಇದು. ಆದರೂ ಅದೇ ಮಾತನ್ನು ನೋಡಿ ಕೈಗೆತ್ತಿಕೊಳ್ಳುವವರಿದ್ದಾರೆ. ಊರಿನಲ್ಲಿ ಯಾರೂ ಕಡ್ಡಾಯ ಮಾಡಿಲ್ಲ. ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಾರೀಖು, ಹಸಿರು ಗುರುತು, ನೋಂದಣಿ ಸಂಖ್ಯೆಯ ಪಕ್ಕದಲ್ಲಿ ಆ ಒಂದು ಸಾಲನ್ನು ಕನ್ನಡದಲ್ಲಿ ನೀವಾಗಿಯೇ ಅಚ್ಚು ಹಾಕಿಸಿ.