ಐವತ್ತು ವಾಟಿನ ಮೌನ

ಆಫ್‌ರೋಡಿಗೆ ಹೊರಡುವವರ ನಡುವೆ ರೇಡಿಯೊ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಒಂದೇ: "ನಿಮ್ದು ಎಷ್ಟು ವಾಟ್?" ಐದು ಎಂದವರ ಮುಖ ಸಪ್ಪಗಾಗುತ್ತದೆ, ಐವತ್ತು ಎಂದವರು ಮೀಸೆ ತಿರುವುತ್ತಾರೆ. ಮೊದಲ ಗುಡ್ಡದ ತಿರುವು ದಾಟಿದ ಮೇಲೆ ನೋಡಿದರೆ ಐದರವರ ಮಾತು ಸ್ಪಷ್ಟವಾಗಿ ಬರುತ್ತಿರುತ್ತದೆ, ಐವತ್ತರವರ ಕಡೆಯಿಂದ ಬರೀ ಕರಕರ. ತಪ್ಪು ರೇಡಿಯೊ ಡಬ್ಬಿಯದಲ್ಲ. ದುಡ್ಡೆಲ್ಲ ಡಬ್ಬಿಗೆ ಸುರಿದು, ಆಂಟೆನಾ ಮಾತ್ರ "ಇದೂ ನಡೀತದೆ" ಎಂದು ಸಿಕ್ಕಿದ್ದನ್ನು ತಂದು, ಹಿಂದಿನ ಬಂಪರಿನಲ್ಲಿ ಸ್ಪೇರ್ ಟೈರಿನ ಮರೆಗೆ ಬಿಗಿದದ್ದರ ಫಲ ಅದು.

ವಾಟಿನ ಲೆಕ್ಕ ಸ್ವಲ್ಪ ನಿರಾಸೆಯ ಲೆಕ್ಕ. ಶಕ್ತಿ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್. ಸಿಗ್ನಲ್ಲಿನ ಬಲ ತೋರಿಸುವ ಮೀಟರಿನ ಮುಳ್ಳು ಒಂದು ಎಸ್-ಯೂನಿಟ್ (ಆ ಮೀಟರಿನ ಒಂದು ಗೆರೆ) ಮೇಲೇರಬೇಕಾದರೆ 6 ಡೆಸಿಬೆಲ್ ಬೇಕು, ಅಂದರೆ ನಾಲ್ಕು ಪಟ್ಟು ಶಕ್ತಿ. 5 ವಾಟಿನಿಂದ 50ಕ್ಕೆ ಹಾರಿದರೂ ಸಿಗುವುದು ಎರಡು ಯೂನಿಟ್‌ಗೂ ಕಡಿಮೆ. ಅಡ್ಡ ನಿಂತ ಗುಡ್ಡ ನಿಮ್ಮ ವಾಟು ಕೇಳಿ ದಾರಿ ಬಿಡುವುದಿಲ್ಲ. ಅದೇ ಆಂಟೆನಾವನ್ನು ಬಂಪರಿನಿಂದ ಬಿಚ್ಚಿ ಚಾವಣಿಯ ನಡುವೆ ಕೂರಿಸಿದರೆ ಎಷ್ಟೋ ಸಲ ಇದಕ್ಕಿಂತ ಹೆಚ್ಚು ಸಿಗುತ್ತದೆ, ಅದೂ ಕರೆಂಟು ಖರ್ಚಿಲ್ಲದೆ.

ಯಾವ ಬ್ಯಾಂಡ್, ಅಂದರೆ ಯಾವ ಆವರ್ತನಗಳ ಪಟ್ಟಿ ಎಂಬುದನ್ನು ಕ್ಯಾಟಲಾಗ್ ನೋಡಿ ನಿರ್ಧರಿಸುವವರಿದ್ದಾರೆ. ಜೊತೆಗೆ ಬರುವವರನ್ನು ಕೇಳಿ ನಿರ್ಧರಿಸಬೇಕಾದ ವಿಷಯ ಅದು. ಗುಂಪಿನವರೆಲ್ಲ 27 ಮೆಗಾಹರ್ಟ್ಸ್‌ನ ಸಿಬಿ (ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರ ರೇಡಿಯೊ) ಇಟ್ಟುಕೊಂಡಿರುವಾಗ ನೀವೊಬ್ಬರೇ ಇನ್ನೂ ಹೆಚ್ಚಿನ ಆವರ್ತನದ ದುಬಾರಿ ಯುಎಚ್‌ಎಫ್ ಸೆಟ್ಟು ತಂದರೆ ದಾರಿಯುದ್ದಕ್ಕೂ ನಿಮಗೆ ನೀವೇ ಶ್ರೋತೃ. ಕಾನೂನೂ ದೇಶಕ್ಕೊಂದು ಥರ. ಆಸ್ಟ್ರೇಲಿಯದವರಿಗೆ 477 ಮೆಗಾಹರ್ಟ್ಸ್ ಸುತ್ತಲಿನ 5 ವಾಟಿನ ಯುಎಚ್‌ಎಫ್ ಸಿಬಿ ಇದೆ. ಯುರೋಪಿನ 446 ಮೆಗಾಹರ್ಟ್ಸ್ ಸೆಟ್ಟುಗಳಿಗೆ ಅರ್ಧ ವಾಟಿನ ಮಿತಿ, ಮೇಲಾಗಿ ಆಂಟೆನಾ ಬಿಚ್ಚಿ ಬೇರೆಯದು ಹಾಕುವಂತಿಲ್ಲ. ಹವ್ಯಾಸಿಗಳ ಹ್ಯಾಮ್ ಬ್ಯಾಂಡಿಗೆ ಲೈಸೆನ್ಸ್ ಬೇಕೇ ಬೇಕು. "ಕಾಡಲ್ಲಿ ಯಾರು ಕೇಳ್ತಾರೆ" ಎಂಬ ವಾದ ರೇಡಿಯೊ ವಿಷಯದಲ್ಲಿ ನಗೆಪಾಟಲು. ಕೇಳಿಸಬೇಕು ಅಂತಲೇ ಅಲ್ಲವೇ ಕೊಂಡದ್ದು.

ಇನ್ನು ಕಡ್ಡಿಯ ಉದ್ದ. ಆಂಟೆನಾಗೆ ಮೂಲ ಅಳತೆ ತರಂಗದ ಕಾಲು ಭಾಗ. 477 ಮೆಗಾಹರ್ಟ್ಸ್‌ಗೆ ಅದು ಸುಮಾರು 16 ಸೆಂ.ಮೀ., ಹ್ಯಾಮ್‌ನವರ 145ಕ್ಕೆ ಅರ್ಧ ಮೀಟರ್, 27ಕ್ಕೆ ಹತ್ತಿರ ಹತ್ತಿರ 2.75 ಮೀಟರ್. ಅಷ್ಟುದ್ದದ್ದನ್ನು ಚಾವಣಿಯ ಮೇಲೆ ನಿಲ್ಲಿಸಿಕೊಂಡು ಮರದ ಕೊಂಬೆಗಳ ಕೆಳಗೆ ಹೋದರೆ ಎಲೆ ಉದುರಿಸುವ ಕೆಲಸವೂ ಜೊತೆಯಲ್ಲೇ ಮುಗಿಯುತ್ತದೆ. ಹಾಗಾಗಿ ಸಿಬಿಯವರು ಕಾಯಿಲ್ ಸುತ್ತಿ ಗಿಡ್ಡ ಮಾಡಿದ 1.2 ಮೀಟರಿನ ಫೈಬರ್‌ಗ್ಲಾಸ್ ಕಡ್ಡಿ ಹಾಕಿಕೊಂಡು, ಸ್ವಲ್ಪ ದೂರ ಕಳೆದುಕೊಂಡರೂ ಕೊಂಬೆಗಳ ಜೊತೆ ರಾಜಿಯಾಗುತ್ತಾರೆ. ಬುಡಕ್ಕೊಂದು ಸ್ಪ್ರಿಂಗ್ ಇರಲಿ. ಇಲ್ಲದಿದ್ದರೆ ಕೊಂಬೆ ಬಡಿದಾಗ ಬಾಗಬೇಕಾದದ್ದು ಕಡ್ಡಿ, ಬಾಗುವುದು ಬ್ರಾಕೆಟ್ಟು. ತೀರಾ ಮೆತ್ತನೆಯ ಸ್ಪ್ರಿಂಗೂ ಬೇಡ. ವೇಗಕ್ಕೆ ಕಡ್ಡಿ ಹಿಂದಕ್ಕೆ ಮಲಗಿಬಿಟ್ಟರೆ ನಿಮ್ಮ ದನಿಯೂ ಏಳುತ್ತ ಬೀಳುತ್ತ ಬರುತ್ತದೆ.

ಯುಎಚ್‌ಎಫ್‌ನವರ ಕಾಯಿಲೆ ಬೇರೆ: ಗೇನ್, ಅಂದರೆ ಆಂಟೆನಾ ಶಕ್ತಿಯನ್ನು ಒಂದು ದಿಕ್ಕಿಗೆ ಎಷ್ಟು ಕೂಡಿಸುತ್ತದೆ ಎಂಬುದರ ಅಳತೆ; ಅದರ ಲೆಕ್ಕ ಡಿಬಿಐನಲ್ಲಿ. 3 ಡಿಬಿಐ, 6 ಡಿಬಿಐ, 9 ಡಿಬಿಐ ಎಂದು ಸಾಲಾಗಿ ಇಟ್ಟಿದ್ದರೆ ಕೈ ತಾನಾಗಿ ಒಂಬತ್ತಿನ ಕಡೆ ಹೋಗುತ್ತದೆ. ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇದ್ದುದನ್ನೇ ಹಿಸುಕಿ ಚಪ್ಪಟೆ ಮಾಡುತ್ತದೆ. ಒಂಬತ್ತರದ್ದು ದೋಸೆಯಷ್ಟು ತೆಳ್ಳಗೆ ಹರಡುತ್ತದೆ. ಬಯಲಿನಲ್ಲಿ ಅದರಷ್ಟು ದೂರ ಹೋಗುವುದು ಬೇರೊಂದಿಲ್ಲ. ಕಣಿವೆಗಿಳಿದರೆ ಕಥೆ ಬೇರೆ. ನೀವು ಕೆಳಗೆ, ಜೊತೆಯವರು ದಿಬ್ಬದ ಮೇಲೆ, ವಾಹನ ಒಂದು ಪಕ್ಕಕ್ಕೆ ವಾಲಿ ನಿಂತಿದೆ, ಆ ತೆಳು ಪದರದ ಒಂದು ಕಡೆ ನೆಲಕ್ಕೆ, ಇನ್ನೊಂದು ಕಡೆ ಆಕಾಶಕ್ಕೆ. ಗುಡ್ಡಗಾಡಿಗೆ 3 ಡಿಬಿಐ ಸಾಕು, ಎಲ್ಲ ಕಡೆ ಓಡಾಡುವವರಿಗೆ 6. ಒಂಬತ್ತು ಬಯಲಿನವರಿಗೆ ಬಿಡಿ.

ಕೂರಿಸುವ ಜಾಗದ ಬಗ್ಗೆ ನಡೆಯುವಷ್ಟು ಜಗಳ ರೇಡಿಯೊ ಬಗ್ಗೆಯೂ ನಡೆಯುವುದಿಲ್ಲ. ಕಾಲು ತರಂಗದ ಕಡ್ಡಿ ಅರ್ಧ ಆಂಟೆನಾ ಅಷ್ಟೇ, ಉಳಿದರ್ಧ ಅದರ ಬುಡದಲ್ಲಿರುವ ಲೋಹ. ಆದ್ದರಿಂದ ಅತ್ಯುತ್ತಮ ಜಾಗ ತಗಡಿನ ಚಾವಣಿಯ ನಟ್ಟನಡುವೆ. ಅಲ್ಲಿ ತೂತು ಕೊರೆಯಬೇಕು ಎಂದ ಕೂಡಲೇ ಮಾಲೀಕರು ಎದೆ ಹಿಡಿದುಕೊಳ್ಳುತ್ತಾರೆ, ಆಮೇಲೆ ಮ್ಯಾಗ್ನೆಟ್ ಬುಡ ತರುತ್ತಾರೆ. ಒಳ್ಳೆಯದೇ, ಚಾವಣಿ ಉಕ್ಕಿನದಾಗಿದ್ದರೆ. ಅಲ್ಯೂಮಿನಿಯಂ ಮೈಗೆ, ಫೈಬರ್ ಚಾವಣಿಗೆ ಮ್ಯಾಗ್ನೆಟ್ ಕಚ್ಚುವುದಿಲ್ಲ ಎಂಬುದು ಪಾರ್ಸೆಲ್ ಬಿಚ್ಚಿದ ಮೇಲಷ್ಟೇ ಹೊಳೆಯುವ ಸತ್ಯ. ಉಕ್ಕಿಗೆ ಕಚ್ಚಿದರೂ ಅಡಿಯಲ್ಲಿ ಧೂಳು ಸೇರಿ ಬಣ್ಣ ಉಜ್ಜುತ್ತದೆ. ಕೊಂಬೆ ತಗುಲಿದರೆ ಇಡೀ ಬುಡವೇ ಕಿತ್ತು ಬಂದು ಕೇಬಲ್ಲಿಗೆ ನೇತುಬಿದ್ದು, ಬಾಗಿಲನ್ನು ಟಕಟಕ ಬಡಿಯುತ್ತ ಜೊತೆಯಲ್ಲೇ ಬರುತ್ತದೆ.

ಗಾಡಿಯ ಮುಂದಿನ ಬುಲ್‌ಬಾರಿಗೆ (ಬಂಪರಿನ ರಕ್ಷಣೆಯ ಲೋಹದ ಕಟ್ಟಿಗೆ) ಹಾಕುವವರು ಹಿಂದೆ ಬರುವವರ ಜೊತೆ ಮಾತಾಡುವಾಗ ನಡುವೆ ತಮ್ಮದೇ ಗಾಡಿ ಅಡ್ಡ ನಿಂತಿದೆ ಎಂಬುದನ್ನು ಮರೆಯುತ್ತಾರೆ. ಅಲ್ಲೇ ಹಾಕಬೇಕಾದರೆ ಗ್ರೌಂಡ್ ಪ್ಲೇನ್ (ಆ ಬುಡದ ಲೋಹ) ಬೇಡದ ಮಾದರಿ ಕೊಂಡು, ಕಡ್ಡಿಯ ಮೇಲ್ಭಾಗವಾದರೂ ಬಾನೆಟ್ಟಿಗಿಂತ ಎತ್ತರಕ್ಕೆ ಬರುವಂತೆ ನೋಡಿಕೊಳ್ಳಬೇಕು.

ಕೇಬಲ್ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಸಾಮಾನ್ಯ ಆರ್‌ಜಿ-58 ಕೇಬಲ್ 5 ಮೀಟರ್ ಇದ್ದರೆ ಸಿಬಿಯಲ್ಲಿ ನಷ್ಟ ಗಣನೆಗೇ ಬಾರದು. ಯುಎಚ್‌ಎಫ್‌ನಲ್ಲಿ ಅದೇ ಕೇಬಲ್ ಮೂರನೇ ಒಂದು ಭಾಗದಷ್ಟು ಶಕ್ತಿಯನ್ನು ದಾರಿಯಲ್ಲೇ ನುಂಗುತ್ತದೆ. ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ದಿನಾ ಬಾಗಿಲು ಬಡಿದರೆ ಒಳಗಿನ ಪದರ ನಜ್ಜುಗುಜ್ಜಾಗುತ್ತದೆ. ಹೊರಗಿನ ಕನೆಕ್ಟರಿಗೆ ಸ್ವಯಂ ಅಂಟುವ ರಬ್ಬರ್ ಟೇಪ್ ಸುತ್ತದಿದ್ದರೆ ಕೇಬಲ್ಲಿನೊಳಗಿನ ಜಾಲರಿಯ ಗುಂಟ ನೀರು ಒಳಕ್ಕೆ ನಡೆಯುತ್ತದೆ. ಆಮೇಲೆ "ಮಳೆ ಬಂದ್ರೆ ರೇಡಿಯೊ ಸರಿಯಿಲ್ಲ" ಎಂಬ ದೂರು.

ಎಲ್ಲ ಹಾಕಿಯಾದ ಮೇಲೆ ಎಸ್‌ಡಬ್ಲ್ಯುಆರ್ ನೋಡದೆ ಮೈಕಿನ ಗುಂಡಿ ಒತ್ತಬಾರದು. ರೇಡಿಯೊ ಕಳಿಸಿದ್ದರಲ್ಲಿ ಎಷ್ಟು ವಾಪಸು ಬಂತು ಎನ್ನುವ ಲೆಕ್ಕ ಅದು. 1.5ರ ಒಳಗಿದ್ದರೆ ನೆಮ್ಮದಿ, 2ಕ್ಕೆ ಶೇ. 11ರಷ್ಟು ವಾಪಸು, 3ಕ್ಕೆ ಶೇ. 25. ಆಂಟೆನಾ ಸಿಕ್ಕಿಸದೆಯೇ "ಸುಮ್ನೆ ಟೆಸ್ಟ್" ಎಂದು ಒತ್ತಿದವರ ಸೆಟ್ಟಿನ ಫೈನಲ್ (ಕೊನೆ ಹಂತದ) ಟ್ರಾನ್ಸಿಸ್ಟರುಗಳಿಗೆ ಆ ಟೆಸ್ಟೇ ಫೈನಲ್ ಆಗಬಹುದು. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಬಾಗಿಲೆಲ್ಲ ಮುಚ್ಚಿ, ರೇಡಿಯೊಗೂ ಆಂಟೆನಾಗೂ ನಡುವೆ ಮೀಟರ್ ಸಿಕ್ಕಿಸಿ. ಶೆಡ್ಡಿನೊಳಗೆ ಅಳೆದರೆ ಶೆಡ್ಡಿನ ಎಸ್‌ಡಬ್ಲ್ಯುಆರ್ ಸಿಗುತ್ತದೆ. 40 ಚಾನಲ್ಲಿನ ಸಿಬಿಯಲ್ಲಿ 1, 20, 40 ಮೂರನ್ನೂ ನೋಡಿ. 40ರಲ್ಲಿ ಜಾಸ್ತಿ ಇದ್ದರೆ ಕಡ್ಡಿ ಉದ್ದ, 1ರಲ್ಲಿ ಜಾಸ್ತಿ ಇದ್ದರೆ ಗಿಡ್ಡ. ತುದಿಯಲ್ಲಿ ಸ್ಕ್ರೂ ಇದ್ದರೆ ತಿರುಗಿಸಿ, ಇಲ್ಲದಿದ್ದರೆ, ಕಡ್ಡಿ ಉದ್ದವಾಗಿದ್ದಾಗ ಮಾತ್ರ, 5 ಮಿ.ಮೀ. ಕತ್ತರಿಸಿ, ಮತ್ತೆ ಅಳೆಯಿರಿ. ಒಮ್ಮೆಗೇ ಒಂದಿಂಚು ಹಾರಿಸಿದರೆ ಮುಂದಿನ ಹೆಜ್ಜೆ ಹೊಸ ಕಡ್ಡಿ ತರುವುದು. ಯುಎಚ್‌ಎಫ್ ಕಡ್ಡಿಯಾದರೆ ಒಂದೊಂದು ಮಿಲಿಮೀಟರೂ ಲೆಕ್ಕಕ್ಕೆ ಬರುತ್ತದೆ.

ಮೂರು ಕಡೆಯೂ 3ಕ್ಕಿಂತ ಮೇಲೆಯೇ ಇದ್ದರೆ ಕತ್ತರಿ ಕೆಳಗಿಡಿ. ದೋಷ ಉದ್ದದ್ದಲ್ಲ. ಹೆಚ್ಚಿನ ಸಲ ಸಿಕ್ಕಿಬೀಳುವುದು ಬ್ರಾಕೆಟ್ಟಿನ ಚೆಂದದ ಕಪ್ಪು ಪೌಡರ್ ಕೋಟಿಂಗ್. ಅದು ಕರೆಂಟನ್ನು ಒಳಗೆ ಬಿಡುವುದಿಲ್ಲ. ಬೋಲ್ಟಿನ ಅಡಿಯಲ್ಲಿ ಬಣ್ಣವನ್ನು ಹೊಳೆಯುವ ಲೋಹ ಕಾಣುವ ತನಕ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಬುಡದಿಂದ ಬ್ಯಾಟರಿ ಮೈನಸ್ಸಿಗೆ ಮಲ್ಟಿಮೀಟರ್ ಹಿಡಿಯಿರಿ. ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಕೆರೆದ ಜಾಗಕ್ಕೆ ಆಮೇಲೆ ಗ್ರೀಸ್ ಬಳಿಯದಿದ್ದರೆ ತುಕ್ಕು ಬಂದು ಮತ್ತೆ ಅದೇ ಹಾಡು.

ಕರೆಂಟನ್ನು ಲೈಟರ್ ಸಾಕೆಟ್ಟಿನಿಂದ ಎಳೆದರೆ 5 ವಾಟಿನ ಸೆಟ್ಟು ಹೇಗೋ ನಡೆಯುತ್ತದೆ, ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಆಲ್ಟರ್ನೇಟರಿನ ಕುಂಯ್‌ಗುಟ್ಟುವಿಕೆ ಉಚಿತ. 50 ವಾಟಿನದ್ದು 10 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ತೆಳು ವೈರಾದರೆ ಗುಂಡಿ ಒತ್ತಿದ ಕೂಡಲೇ ವೋಲ್ಟೇಜ್ ಕುಸಿದು ಸೆಟ್ಟು ಒಮ್ಮೆ ಸತ್ತು ಬದುಕುತ್ತದೆ. 4 ಚದರ ಮಿ.ಮೀ. ವೈರನ್ನು ನೇರ ಬ್ಯಾಟರಿಯಿಂದ ತಂದು, ಪ್ಲಸ್ಸಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್ ಹಾಕಿ. ಫ್ಯೂಸ್ ಇರುವುದು ವೈರ್ ಹೊತ್ತಿಕೊಳ್ಳದಿರಲಿ ಎಂದು, ರೇಡಿಯೊ ಪಕ್ಕದಲ್ಲಿ ಹಾಕಿದರೆ ನಡುವಿನ ವೈರಿಗೆ ದಿಕ್ಕಿಲ್ಲ. ಇಷ್ಟಾದ ಮೇಲೂ ಗದ್ದಲ ಬಂದರೆ ಎಲ್‌ಇಡಿ ಲೈಟ್ ಬಾರ್, ಡ್ಯಾಶ್‌ಕ್ಯಾಮ್, ಯುಎಸ್‌ಬಿ ಚಾರ್ಜರ್ ಒಂದೊಂದಾಗಿ ಆರಿಸುತ್ತ ಬನ್ನಿ. ಕಳ್ಳ ಸಿಕ್ಕೇ ಸಿಗುತ್ತಾನೆ, ಬಹುತೇಕ ಅತಿ ಅಗ್ಗದ್ದೇ.

ಹೊರಡುವ ಬೆಳಿಗ್ಗೆ ಎಲ್ಲರದ್ದೂ ಒಂದೇ ಚಾನಲ್, ಆದರೂ ಒಬ್ಬರಿಗೆ ಮಾತ್ರ ಯಾರ ದನಿಯೂ ಇಲ್ಲ. ಅವರು "ಪ್ರೈವಸಿ ಕೋಡ್" ಆನ್ ಮಾಡಿರುತ್ತಾರೆ. ಅವರ ಮಾತು ಊರಿಗೆಲ್ಲ ಕೇಳುತ್ತದೆ. ಕೋಡ್ ಮಾಡುವುದು ಇಷ್ಟೇ: ಕಿವಿಗೆ ಬೀಳದ ಒಂದು ಸಣ್ಣ ಟೋನ್ ಜೊತೆಗೆ ಬಾರದ ಮಾತುಗಳಿಗೆ ಅವರದೇ ಸ್ಪೀಕರಿನ ಬಾಯಿ ಮುಚ್ಚಿಸುವುದು. ಹೊರಡುವ ಮುಂಚೆ ಎಲ್ಲರೂ ಟೋನ್ ಆಫ್ ಮಾಡಿ.

ಮೈಕಿನ ಕೊಕ್ಕೆ ಡ್ಯಾಶಿನ ಮೇಲೆ ಕೈಗೆ ಸಿಗುವಲ್ಲಿರಲಿ, ಸೀಟಿನ ನಡುವಿನ ಸಂದಿಯಲ್ಲಿ ಬೇಡ. ಅಲ್ಲಿ ಬಿದ್ದ ಮೈಕಿನ ಗುಂಡಿ ತೊಡೆಯ ಕೆಳಗೆ ಒತ್ತಿಕೊಂಡರೆ ಚಾನಲ್ ಪೂರ್ತಿ ನಿಮ್ಮದು. ಬೇರೆ ಯಾರೂ ಮಾತಾಡುವಂತಿಲ್ಲ. ಒತ್ತಿಕೊಂಡಿರುವ ತನಕ ನಿಮ್ಮ ಸೆಟ್ಟು ಏನನ್ನೂ ಕೇಳಿಸಿಕೊಳ್ಳುವುದೂ ಇಲ್ಲ, ಎಚ್ಚರಿಸಲು ದಾರಿಯೇ ಇಲ್ಲ. ಯಾರ ತವರಿನವರು ಮದುವೆಯಲ್ಲಿ ಏನಂದರು ಎಂಬ ಹಳೇ ವಿಚಾರಣೆ ಸಾಕ್ಷಿ ಸಮೇತ ಹಿಂದಿನ ಅಷ್ಟೂ ಗಾಡಿಗಳಲ್ಲಿ ಪ್ರಸಾರವಾಗುತ್ತದೆ. ಇದಕ್ಕೆಂದೇ ಬಹಳಷ್ಟು ಸೆಟ್ಟುಗಳ ಮೆನುವಿನಲ್ಲಿ ಟಿಒಟಿ ಎಂಬ, ಹೊತ್ತು ಮೀರಿದರೆ ಪ್ರಸಾರ ನಿಲ್ಲಿಸುವ ಟೈಮರ್ ಇದೆ. ಅದನ್ನು 60 ಸೆಕೆಂಡಿಗೆ ಇಟ್ಟರೆ ಒಂದು ನಿಮಿಷದ ನಂತರದ ಜಗಳ ಖಾಸಗಿ.