ಕಾಲರಿನೊಳಗಿನ ಸರ್ವಾಧಿಕಾರಿ

ಹೋದ ಶನಿವಾರ ಬೆಳಗ್ಗೆ ಹಾಸನದ ಮಹಾರಾಜ ಪಾರ್ಕಿನಲ್ಲಿ ನಮ್ಮ ವಾಕಿಂಗ್ ಬಳಗ ಒಬ್ಬರ ಕಾಲರ್ ಒಬ್ಬರು ಮಗುಚಿ ನೋಡುತ್ತ ನಿಂತಿತ್ತು. ನೋಡಿದವರು ಹೇನು ಹೆಕ್ಕುತ್ತಿದ್ದಾರೆ ಅಂದುಕೊಂಡಿರಬೇಕು. ಬಟ್ಟೆ ಹೊಲಿದ ದೇಶ ಯಾವುದೆಂದು ಲೇಬಲ್ ಓದಿ ನಾವು ಹೆಕ್ಕುತ್ತಿದ್ದುದು ಸರ್ವಾಧಿಕಾರಿಗಳನ್ನು.

ಹಚ್ಚಿಕೊಟ್ಟವರು ನಿವೃತ್ತ ಇತಿಹಾಸದ ಮೇಷ್ಟ್ರು. ಬರ್ಮಾದ ಮಿಲಿಟರಿ ಆಡಳಿತ ನೋಡಿ ಲೀವೈಸ್ ಜೀನ್ಸ್ ಕಂಪನಿ 1992ರಲ್ಲೇ ಅಲ್ಲಿಂದ ಕಾಲ್ತೆಗೆಯಿತಂತೆ. ಟ್ರಯಂಫ್ ಎಂಬ ಬಟ್ಟೆ ಕಂಪನಿ ಮಾತ್ರ ಅಲ್ಲಿ ಹೊಲಿಸುತ್ತಲೇ ಇತ್ತು. 2001ರಲ್ಲಿ ಬ್ರಿಟನ್ನಿನ ಚಳವಳಿಗಾರರು ಮುಳ್ಳುತಂತಿಯ... ಇಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹೆಂಗಸರ ಕಡೆ ನೋಡದೆ, ‘ಮುಳ್ಳುತಂತಿಯ ಆ ಒಳಉಡುಪು’ ತೊಟ್ಟ ಹೆಣ್ಣಿನ ಪೋಸ್ಟರ್ ಹಾಕಿದರಂತೆ ಎಂದರು. ಮರುವರ್ಷ ಜನವರಿಯಲ್ಲಿ ಕಂಪನಿ ಗಂಟುಮೂಟೆ ಕಟ್ಟಿತು.

‘ಅಲ್ಲಿ ಹೊಲೀತಿದ್ದ ಹೆಣ್ಣುಮಕ್ಕಳು ಏನಾದ್ರು ಮೇಷ್ಟ್ರೇ?’ ಎಂದರು ಕಾಫಿಪುಡಿ ಅಂಗಡಿಯವರು.

2003ರಲ್ಲಿ ಅಮೆರಿಕ ಬರ್ಮಾದ ಆಮದನ್ನೇ ನಿಷೇಧಿಸಿದ ಮೇಲೆ ಸಾವಿರಾರು ಜನ ಕೆಲಸ ಕಳೆದುಕೊಂಡದ್ದು ಮೇಷ್ಟ್ರಿಗೆ ಗೊತ್ತು. ಆದರೆ ಮೇಷ್ಟ್ರ ಮಾತು ಆಗಲೇ ಚೀನಾದ ಹತ್ತಿ ಬೆಳೆಯುವ ಷಿನ್‌ಜಿಯಾಂಗ್ ತಲುಪಿತ್ತು. ಅಲ್ಲಿ ಬಲವಂತದ ದುಡಿಮೆ ಇದೆ ಎಂಬ ಆರೋಪದ ಮೇಲೆ ಎಚ್ ಅಂಡ್ ಎಂ ಬಟ್ಟೆ ಕಂಪನಿ ಆ ಹತ್ತಿ ಬೇಡ ಅಂದಿತ್ತು. ಇದಕ್ಕೆ ಸಿಟ್ಟಾಗಿ 2021ರ ಮಾರ್ಚಿನಲ್ಲಿ ಚೀನಾದ ಗ್ರಾಹಕರು ಅದೇ ಕಂಪನಿಯನ್ನು ಬಹಿಷ್ಕರಿಸಿದರು. ಅಲ್ಲಿನ ಮೊಬೈಲ್ ನಕ್ಷೆಗಳಿಂದ ಅಂಗಡಿಗಳೇ ಮಾಯವಾದವು. ಅಂಗಡಿ ಬೀದಿಯಲ್ಲಿತ್ತು, ನಕ್ಷೆಯಲ್ಲಿರಲಿಲ್ಲ. ನಮ್ಮೂರಿನ ಎಷ್ಟೋ ಬಡಾವಣೆಗಳು ಇದಕ್ಕೆ ತದ್ವಿರುದ್ಧ, ಬಿಡಿ.

ಗೋಳೆಂದರೆ ಹೊಲಿದ ದೇಶವನ್ನು ಲೇಬಲ್ ಹೇಳುತ್ತದೆ, ಹತ್ತಿ ಬೆಳೆದ ಊರನ್ನು ಹೇಳುವುದಿಲ್ಲ. 1921ರ ಜುಲೈ 31ರಂದು ಮುಂಬೈಯಲ್ಲಿ ಗಾಂಧೀಜಿ ವಿದೇಶಿ ಬಟ್ಟೆ ಸುಟ್ಟ ಹಾಗೆ ಎಲ್ಲವನ್ನೂ ಸುಡೋಣ ಎಂದರು ಮೇಷ್ಟ್ರು. ತಕ್ಷಣ ಎಲ್ಲರಿಗೂ ಟೀಶರ್ಟಿನ ರೇಟು ನೆನಪಾಯಿತು. ಚರ್ಚೆಯಾಗಿ, ಈಗಾಗಲೇ ನೆಲ ಒರೆಸಲು ಬಳಸುತ್ತಿರುವ ಬಟ್ಟೆಗಳನ್ನು ಬಹಿಷ್ಕರಿಸುವುದೆಂದು ಸರ್ವಾನುಮತದ ತೀರ್ಮಾನವಾಯಿತು.

ಅಷ್ಟರಲ್ಲಿ ರಸ್ತೆಯಲ್ಲಿ ಗಾರ್ಮೆಂಟ್ಸ್ ಬಸ್ಸು ಹೋಯಿತು. ಹಳ್ಳಿಗಳಿಂದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುವ ಹೆಣ್ಣುಮಕ್ಕಳು, ಮಡಿಲಲ್ಲಿ ಟಿಫನ್ ಡಬ್ಬಿ. ನಮ್ಮನೆ ಕೆಲಸದಾಕೆಯ ಮಗಳೂ ಅದರಲ್ಲೇ. ಗಂಟೆಗಿಷ್ಟು ಪೀಸು ಅಂತ ಟಾರ್ಗೆಟ್ಟು, ಬಾತ್‌ರೂಮಿಗೆ ಎದ್ದರೂ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ ಅಂತ ಆಕೆ ಹೇಳಿದ್ದು ನನಗೆ ನೆನಪಾಯಿತು. ಬರ್ಮಾದ ವಿಷಯಕ್ಕೆ ಅಡ್ಡ ಬರುತ್ತದೆಂದು ಬಾಯಿಬಿಡಲಿಲ್ಲ.

ಎಲ್ಐಸಿ ಏಜೆಂಟರಿಗೆ ಬಸ್ಸು ನೋಡಿ ಬೇರೆಯೇ ನೆನಪಾಯಿತು. ‘2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಇವರೇ ಪಿಎಫ್ ಅಂತ ರಸ್ತೆಗಿಳಿದಿದ್ರು ಸಾರ್. ಹೊಸೂರು ರೋಡಲ್ಲಿ ಆರು ಗಂಟೆ ಸಿಕ್ಕಿಹಾಕ್ಕೊಂಡಿದ್ದೆ. ಜನಕ್ಕೆ ತೊಂದ್ರೆ ಕೊಟ್ಟು ಎಂಥಾ ಹೋರಾಟ? ಇಂಥವರಿಗೆಲ್ಲ ಒಬ್ಬ ಬಿಗಿಯಾದವನು ಬರಬೇಕು.’

ಆ ಹೆಂಗಸರು ಎರಡೇ ದಿನದಲ್ಲಿ ಪಿಎಫ್ ಹಣ ತೆಗೆಯಲು ತಡೆಯೊಡ್ಡಿದ್ದ ಕೇಂದ್ರ ಸರ್ಕಾರದ ನಿಯಮ ವಾಪಸ್ ತೆಗೆಸಿದ್ದರು. ಅದೂ ಮುಳ್ಳುತಂತಿಯ ಪೋಸ್ಟರಿಲ್ಲದೆ. ಬಳಗ ‘ಹೌದೌದು’ ಎಂದು ತಲೆಯಾಡಿಸಿ ಮತ್ತೆ ಬರ್ಮಾ ವಿಮೋಚನೆಗೆ ಮರಳಿತು.

ಸರದಿ ನನ್ನದು. ಮೇಷ್ಟ್ರು ನನ್ನ ಕಾಲರ್ ಮಗುಚಿದರು, ಕನ್ನಡಕ ಏರಿಸಿದರು. ಲೇಬಲ್ಲೇ ಇಲ್ಲ! ಸ್ಪೀಕರ್ ಹಾಕಿ ಮನೆಗೆ ಫೋನ್ ಮಾಡಿಸಿದರು.

‘ಕತ್ತು ಕಡಿಯುತ್ತೆ ಅಂತ ನೀವೇ ಕತ್ತರಿಸಿ ಹಾಕ್ಸಿದ್ರಲ್ರೀ,’ ಎಂದಳು ನನ್ನ ಹೆಂಡತಿ. ‘ಬರ್ತಾ ಹಾಲು ತನ್ನಿ.’

ಬಳಗ ಗಾಢ ಯೋಚನೆಗೆ ಬಿತ್ತು. ಸೋಮವಾರ ಬೆಳಗ್ಗೆ ನೋಡುತ್ತೇನೆ, ಒಬ್ಬರ ಕಾಲರಿನಲ್ಲೂ ಲೇಬಲ್ ಇರಲಿಲ್ಲ.