ಮಂಜು ಅಂದ್ರೆ ಯಾವ ಮಂಜು?

ಕನ್ನಡದಲ್ಲಿ ಮರ್ಯಾದೆ ಕೊಟ್ಟು ಮಾತಾಡುವುದು ಎಷ್ಟು ಅಪಾಯ ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ.

ಮಂಜು ನನ್ನ ಹುಡುಗಿ. ಪೂರ್ತಿ ಹೆಸರು ಮಂಜುಳಾ. ಹಾಸನದಲ್ಲಿ ಬ್ಯಾಂಕ್ ಆಫೀಸರ್. ಸಾಲದ ಅರ್ಜಿ ಹಿಡಿದುಕೊಂಡು ಹೋದಾಗ ಪರಿಚಯ ಆಗಿದ್ದು. ಸಾಲ ಸಿಗಲಿಲ್ಲ, ಅದು ಬೇರೆ ಕಥೆ. ಸಾಲ ಕೊಡುವ ಜಾಗದಲ್ಲಿ ಕೂತವರನ್ನು ಏಕವಚನದಲ್ಲಿ ಮಾತಾಡಿಸುವ ಧೈರ್ಯ ಯಾರಿಗಿದೆ? 'ನೀವು', 'ಅವರು' ಅಂತ ಶುರುವಾಗಿದ್ದು ಪ್ರೀತಿ ಆದ ಮೇಲೂ ಹಾಗೇ ಉಳಿಯಿತು. ಜೊತೆಗೆ ಅವರು ನನಗಿಂತ ಎರಡು ವರ್ಷ ದೊಡ್ಡವರು.

ಆಫೀಸಿನಲ್ಲಿ ಊಟಕ್ಕೆ ಕೂತಾಗ 'ಮಂಜು ಫೋನ್ ಮಾಡಿದ್ರು', 'ಭಾನುವಾರ ಮಂಜು ಬರ್ತಾರೆ, ಇಬ್ಬರೂ ಸೇರಿ ಬಾಡಿಗೆ ಮನೆ ನೋಡ್ಬೇಕು' ಅನ್ನುತ್ತಿದ್ದೆ. ನಮ್ಮ ಕಡೆ ಯಾವುದೇ ಬೀದಿಯಲ್ಲಿ ನಿಂತು 'ಮಂಜೂ' ಅಂತ ಕೂಗಿದರೆ ನಾಲ್ಕು ಗಂಡಸರಾದರೂ ತಿರುಗಿ ನೋಡುತ್ತಾರೆ, ಎಲ್ಲ ಧರ್ಮಸ್ಥಳದ ಸ್ವಾಮಿಯ ದಯೆ. 'ಬಂದಳು' ಅಂದಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ನಾನು 'ಬಂದರು' ಅಂದೆ.

ಇಂಗ್ಲಿಷ್‌ನಲ್ಲಾದರೂ ಬಚಾವಾಗಬೇಕಿತ್ತು. ಆಗಲಿಲ್ಲ. ನಮ್ಮ ಎಚ್‌ಆರ್ ಮೇಡಂ ದೆಹಲಿಯವರು. ಅವರ ಹತ್ತಿರ ಶುಕ್ರವಾರ ರಜೆ ಕೇಳುವಾಗಲೂ ನಾನು ಮರ್ಯಾದೆ ಬಿಡದೆ 'ದೇ ಆರ್ ಕಮಿಂಗ್ ಫ್ರಮ್ ಹಾಸನ್' ಅಂದೆ. ಗಂಡು ಅಂತಲೂ ಬೇಡ, ಹೆಣ್ಣು ಅಂತಲೂ ಬೇಡ, ನಮ್ಮನ್ನು 'ದೇ' ಅನ್ನಿ ಅನ್ನುವವರು ಇದ್ದಾರೆ ಅಂತ ನನಗೇನು ಗೊತ್ತು. ಮೇಡಂ ಎದೆ ಮೇಲೆ ಕೈ ಇಟ್ಟುಕೊಂಡು 'ಥ್ಯಾಂಕ್ಯೂ ಫಾರ್ ಷೇರಿಂಗ್' ಅಂದರು. ರಜೆ ತಕ್ಷಣ ಸಿಕ್ಕಿತು.

ಇದರ ಮೇಲೆ ಟ್ಯಾಗ್ ಬೇರೆ. ನನ್ನ ಐಡಿ ಕಾರ್ಡಿನ ಟ್ಯಾಗ್ ಕಿತ್ತುಹೋಗಿ ಎರಡು ತಿಂಗಳಿಂದ ಪಿನ್ನು ಹಾಕಿಕೊಂಡು ಓಡಾಡುತ್ತಿದ್ದೆ. ಜೂನ್‌ನಲ್ಲಿ ರಿಸೆಪ್ಷನ್ ಹತ್ತಿರ ಬಣ್ಣ ಬಣ್ಣದ ಟ್ಯಾಗ್ ಪುಕ್ಕಟೆ ಇಟ್ಟಿದ್ದರು. ಪುಕ್ಕಟೆ ಅಂದ ಮೇಲೆ ಯಾರಾದರೂ ಬೋರ್ಡ್ ಓದುತ್ತಾರಾ? ಎರಡು ತಗೊಂಡೆ. ಮಳೆಬಿಲ್ಲಿಗೆ ಏಳು ಬಣ್ಣ, ಇದರಲ್ಲಿ ಆರೇ ಇತ್ತು. ಖರ್ಚು ಉಳಿಸಿದ್ದಾರೆ ಅಂದುಕೊಂಡೆ. ಅದು ಸಲಿಂಗಪ್ರೇಮಿಗಳ ಬಾವುಟದ ಬಣ್ಣವಂತೆ, 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾರಿಸಿದ ಮೊದಲ ಬಾವುಟಕ್ಕೆ ಎಂಟು ಬಣ್ಣ ಇತ್ತಂತೆ, ಆಮೇಲೆ ಆರಕ್ಕೆ ಇಳಿಯಿತಂತೆ. ಇದನ್ನೆಲ್ಲ ಓದಿದ್ದು ಮಾನ ಹೋದ ಮೇಲೆ.

ಅಲ್ಲಿಂದ ಎಲ್ಲರೂ ನನ್ನ ಜೊತೆ ವಿಪರೀತ ಒಳ್ಳೆಯವರಾಗಿಬಿಟ್ಟರು. ಅಡ್ಮಿನ್‌ನಲ್ಲಿ ಒಬ್ಬ ಹಿರಿಯರಿದ್ದಾರೆ, ಒಂದು ಪೆನ್ನು ಕೇಳಿದರೂ ಹಳೇ ರೀಫಿಲ್ ತೋರಿಸು ಅನ್ನುವವರು. ಅವರೇ ಒಂದು ದಿನ ಟೀ ಕುಡಿಯುವಾಗ ಪಕ್ಕಕ್ಕೆ ಬಂದರು.

"ಮನೇಲಿ ಗೊತ್ತೇನಪ್ಪಾ?"

"ಇಲ್ಲ ಸರ್. ಅಮ್ಮ ಒಪ್ಪೋದು ಕಷ್ಟ. ನಮ್ಮೂರಲ್ಲಿ ಇಂಥ ಮದುವೆ ಯಾರೂ ಮಾಡ್ಕೊಂಡಿಲ್ಲ."

"ಕಾಲ ಬದಲಾಗಿದೆ, ಹೆದರಬೇಡ."

"ಹೌದಲ್ವಾ ಸರ್? ಸಚಿನ್ ತೆಂಡೂಲ್ಕರ್ ಮಾಡ್ಕೊಂಡಿಲ್ವಾ?"

ಅವರ ಬಿಸ್ಕತ್ತು ಮುರಿದು ಟೀ ಒಳಗೆ ಬಿತ್ತು. ನಾನು ಹೇಳಿದ್ದು ಅಂಜಲಿಯವರು ಸಚಿನ್‌ಗಿಂತ ವಯಸ್ಸಿನಲ್ಲಿ ದೊಡ್ಡವರು ಅಂತ. ಅವರು ಏನಂದುಕೊಂಡರೋ, ಮಧ್ಯಾಹ್ನವೆಲ್ಲ ಫೋನ್ ನೋಡುತ್ತಾ ಕೂತಿದ್ದರು.

ಇನ್ನೊಬ್ಬರು ನಮ್ಮ ಟೀಮಿನವರೇ. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.) ಜಾಸ್ತಿ ಮಾತಿಲ್ಲ. ಸಂಜೆ ನೇರಳೆ ಮಾರ್ಗದ ಮೆಟ್ರೋದಲ್ಲಿ ಇಬ್ಬರೂ ವಿಜಯನಗರದ ತನಕ ಒಟ್ಟಿಗೆ ಬರುತ್ತಿದ್ದೆವು. ಒಂದು ದಿನ ಇಂದಿರಾನಗರ ದಾಟಿದ ಮೇಲೆ, "ನಿಮ್ಮಷ್ಟು ಧೈರ್ಯ ನನಗಿಲ್ಲ" ಅಂದರು.

"ಇದರಲ್ಲಿ ಧೈರ್ಯ ಏನು ಬಂತು, ಎರಡೇ ವರ್ಷ ತಾನೆ" ಅಂದೆ.

"ಎರಡು ವರ್ಷದಿಂದಾನಾ!" ಅಂತ ಕಣ್ಣರಳಿಸಿದರು. ರಶ್ಶಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ, ಸುಮ್ನೆ ಹೂಂ ಅಂದೆ.

ಸೆಪ್ಟೆಂಬರ್‌ನಲ್ಲಿ ಅಮ್ಮ ಒಪ್ಪಿದರು. ಅರ್ಧ ಕೆಜಿ ಮೈಸೂರು ಪಾಕ್ ತಂದು ಎಲ್ಲರಿಗೂ ಹಂಚಿ, ಫೆಬ್ರವರಿಯಲ್ಲಿ ಮದುವೆ ಅಂದೆ. ಯಾರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಅಡ್ಮಿನ್ ಹಿರಿಯರು ಮೆಲ್ಲಗೆ, "ಮದುವೆಗೆ ಸುಪ್ರೀಂ ಕೋರ್ಟ್ ಒಪ್ಪಲಿಲ್ವಲ್ಲಪ್ಪಾ, 2023ರಲ್ಲಿ" ಅಂದರು. ಪಾಪ, ನನಗೋಸ್ಕರ ಓದಿಕೊಂಡು ಬಂದಿದ್ದರು. 2018ರಲ್ಲಿ ಕೋರ್ಟ್ ಇದು ಅಪರಾಧ ಅಲ್ಲ ಅಂದಿದೆ, ಆದರೆ ಮದುವೆ ಬೇರೆ ವಿಷಯ ಅಂತ ಬಿಡಿಸಿ ಹೇಳಿದರು. ಎಚ್‌ಆರ್ ಮೇಡಂ, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಮಾತ್ರ ಏನೂ ಅಡ್ಡಿಯಿಲ್ಲ, 2024ರ ಆಗಸ್ಟ್‌ನಲ್ಲೇ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿದೆ ಅಂತ ಸೇರಿಸಿದರು.

ನನಗೆ ತಲೆಬುಡ ತಿಳಿಯಲಿಲ್ಲ. "ಸುಪ್ರೀಂ ಕೋರ್ಟ್ ಯಾಕೆ ಸರ್? ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಯ್ತು."

"ಛತ್ರದವನು ಒಪ್ಪಿದನಾ?"

"ಯಾಕೆ ಒಪ್ಪಲ್ಲ? ಮಂಜುಗೆ ಸೀರೆ ಕೂಡ ತಗೊಂಡಾಯ್ತು."

"ಯಾರಿಗೆ ಸೀರೆ?"

ಫೋನ್ ತೆಗೆದು ಫೋಟೋ ತೋರಿಸಿದೆ. ಫೋನ್ ಕೈಯಿಂದ ಕೈಗೆ ಹೋಯಿತು. ಎಲ್ಲರೂ ನಕ್ಕರು, ಮೈಸೂರು ಪಾಕ್ ಖಾಲಿಯಾಯಿತು. ಆದರೆ ಸುಳ್ಳು ಯಾಕೆ ಹೇಳಲಿ, ಮುಖಗಳಲ್ಲಿ ಸಣ್ಣ ನಿರಾಸೆಯೂ ಇತ್ತು. ಮೂರು ತಿಂಗಳು ಕಷ್ಟಪಟ್ಟು ದೊಡ್ಡ ಮನಸ್ಸು ಮಾಡಿಕೊಂಡಿದ್ದರು, ಅದೆಲ್ಲ ಒಂದು ಮಾಮೂಲಿ ಮದುವೆಗೆ ಖರ್ಚಾಗಿ ಹೋಯಿತು. ಉಡುಗೊರೆ ಮೊದಲೇ ತಂದಿಟ್ಟಿದ್ದರು, ಎರಡು ರೇಷ್ಮೆ ಶರ್ಟು, ಎರಡೂ 42 ಸೈಜು. ಬಿಲ್ ಕಳೆದುಹೋಗಿತ್ತು, ವಾಪಸ್ ಕೊಡೋ ಹಾಗಿರಲಿಲ್ಲ. ಒಂದನ್ನು ಈಗ ಮಂಜು ಚಳಿಗಾಲದಲ್ಲಿ ನೈಟಿ ಮೇಲೆ ಹಾಕಿಕೊಳ್ಳುತ್ತಾರೆ.

ಮೈಸೂರು ಪಾಕ್ ಹಂಚಿದ ದಿನ ಸಂಜೆ ಮೆಟ್ರೋದಲ್ಲಿ ನಮ್ಮ ಟೀಮಿನ ಅವರು ಮೆಜೆಸ್ಟಿಕ್ ಬರುವ ತನಕ ಮಾತಾಡಲಿಲ್ಲ. ಹಳೇ ಮಾತುಗಳೆಲ್ಲ ಒಂದೊಂದಾಗಿ ಅರ್ಥವಾಗಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಸಾರಿ" ಅಂದೆ.

"ಯಾಕೆ, ಹುಡುಗೀನ ಪ್ರೀತಿಸಿದ್ದಕ್ಕಾ?" ಅಂತ ಜೋರಾಗಿ ನಕ್ಕರು. ಆಮೇಲೆ, "ಆ ಟ್ಯಾಗ್ ಎರಡು ತಗೊಂಡಿದ್ರಲ್ಲ, ಇನ್ನೊಂದು ಇದೆಯಾ?" ಅಂದರು.

ಬ್ಯಾಗಿನಲ್ಲೇ ಇತ್ತು, ಕೊಟ್ಟೆ. ಹಾಕಿಕೊಳ್ಳಲಿಲ್ಲ. ನಾಲ್ಕು ಮಡಿಕೆ ಮಡಿಸಿ ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದರು. ಅಷ್ಟರಲ್ಲಿ ಅವರ ಫೋನ್ ಬಂತು. "ಹೂಂ, ಮಾಗಡಿ ರೋಡ್ ಹತ್ರ ಇದ್ದೀನಿ" ಅಂತ ಹೇಳಿ ಇಟ್ಟು ನನ್ನ ಕಡೆ ತಿರುಗಿದರು.

"ಊಟಕ್ಕೆ ಕಾಯ್ತಾ ಇದ್ದಾರೆ."

"ಏನಂತೆ ಅಡುಗೆ?"

"ಉಪ್ಸಾರು, ಮುದ್ದೆ."